ಒಪ್ಪಿಕೊಂಡ ಅಪವಾದ

1993ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ ಈ ಅಧ್ಯಾಯವನ್ನು ಶುರು ಮಾಡೋಣ. ಅಮೆರಿಕದ ಮನೋವಿಜ್ಞಾನಿಗಳಾದ ಜೆನಿಫರ್ ಕ್ರಾಕರ್, ಬೆತ್ ಕಾರ್ನ್‌ವೆಲ್ ಮತ್ತು ಬ್ರೆಂಡಾ ಮೇಜರ್ ಕಾಲೇಜು ಹುಡುಗಿಯರನ್ನು ಕರೆಸಿ, ಗುರುತು ಪರಿಚಯವಿಲ್ಲದ ಹುಡುಗನೊಬ್ಬನಿಗೆ ತಮ್ಮ ವಿವರ ಕೊಡಲು ಹೇಳಿದರು. ಆ ವಿವರದಲ್ಲಿ ಎತ್ತರವೂ ತೂಕವೂ ಸೇರಿತ್ತು. ಇವಳ ಜೊತೆ ಓಡಾಡಲು ತನಗೆ ಇಷ್ಟವಿದೆಯೋ ಇಲ್ಲವೋ ಎಂದು ಆ ಹುಡುಗ ತಿಳಿಸಬೇಕಿತ್ತು. ಉತ್ತರಗಳನ್ನು ಸಂಶೋಧಕರೇ ಮೊದಲೇ ತಯಾರಿಸಿಟ್ಟಿದ್ದರು. ಕೆಲವರಿಗೆ ಹೌದು ಎಂಬ ಉತ್ತರ ಬಂತು, ಕೆಲವರಿಗೆ ಇಲ್ಲ ಎಂದು.

ಇಲ್ಲ ಅನ್ನಿಸಿಕೊಂಡವರಲ್ಲಿ ಮೈತೂಕ ಹೆಚ್ಚಿದ್ದ ಹುಡುಗಿಯರ ಪ್ರತಿಕ್ರಿಯೆ ಬೇರೆಯೇ ಆಗಿತ್ತು. ತಮ್ಮ ತೂಕ ನೋಡಿಯೇ ಆತ ಬೇಡವೆಂದ ಎಂಬುದು ಅವರಿಗೆ ಹೊಳೆದಿತ್ತು. ಆದರೂ ಅವರು ಆತನನ್ನು ದೂರಲಿಲ್ಲ. ಮನಸ್ಸು ಕುಗ್ಗಿದ್ದು ಎಲ್ಲರಿಗಿಂತ ಅವರಿಗೇ ಹೆಚ್ಚು.

ಇದಕ್ಕೆ ಎರಡು ವರ್ಷ ಮೊದಲು ಕ್ರಾಕರ್ ಮತ್ತು ಮೇಜರ್ ಕಪ್ಪು ವರ್ಣದ ವಿದ್ಯಾರ್ಥಿಗಳ ಜೊತೆಗೂ ಹೆಚ್ಚುಕಡಿಮೆ ಇಂಥದೇ ಪ್ರಯೋಗ ನಡೆಸಿದ್ದರು. ಬಿಳಿಯ ವಿದ್ಯಾರ್ಥಿಯೊಬ್ಬ ಕಿಟಕಿಯಿಂದ ತಮ್ಮನ್ನು ನೋಡಬಲ್ಲ ಎಂದು ಗೊತ್ತಿದ್ದಾಗ, ಅವನು ಕೊಟ್ಟ ಕೆಟ್ಟ ಅಭಿಪ್ರಾಯ ಅವರ ಆತ್ಮಗೌರವವನ್ನು ಅಷ್ಟಾಗಿ ಮುಟ್ಟಲಿಲ್ಲ. ಅದು ಅವನ ಪೂರ್ವಗ್ರಹ, ತಮ್ಮಲ್ಲಿರುವ ದೋಷವಲ್ಲ ಎಂದು ಅವರು ಪಕ್ಕಕ್ಕೆ ಸರಿಸಬಲ್ಲವರಾಗಿದ್ದರು. ಕಿಟಕಿಯ ಪರದೆ ಇಳಿಬಿಟ್ಟು, ಅವನಿಗೆ ತಮ್ಮ ಬಣ್ಣ ಕಂಡಿಲ್ಲ ಎಂದಾದಾಗ ಅದೇ ಮಾತು ಹೆಚ್ಚು ನೋಯಿಸಿತು.

ಎರಡೂ ಕಡೆ ಸಿಕ್ಕಿದ್ದು ತಿರಸ್ಕಾರವೇ. ಒಂದು ಕಡೆ ಅದನ್ನು ಅನ್ಯಾಯವೆಂದು ಗುರುತಿಸಲಾಯಿತು, ಇನ್ನೊಂದು ಕಡೆ ತಕ್ಕ ಶಿಕ್ಷೆಯೆಂದು ತಲೆಬಾಗಿ ಒಪ್ಪಿಕೊಳ್ಳಲಾಯಿತು. ಈ ಒಪ್ಪಿಗೆಯನ್ನೇ ಸಂಶೋಧಕರು ತೂಕದ ಕಳಂಕದ ಅಂತರ್ಗತೀಕರಣ ಎನ್ನುತ್ತಾರೆ. ನಾವು ಸರಳವಾಗಿ ಒಳಗಿಳಿದ ಕಳಂಕ ಎನ್ನೋಣ. ಬೊಜ್ಜಿನ ಜೊತೆ ಬದುಕುವವರ ನೆಮ್ಮದಿಯನ್ನು ಕೆಡಿಸುವುದು ಮೈಯಲ್ಲಿರುವ ಕೊಬ್ಬು ಮಾತ್ರವಲ್ಲ. ಆ ಕೊಬ್ಬಿನ ನೆಪದಲ್ಲಿ ಲೋಕ ಹೊರಿಸುವ ಅಪವಾದವನ್ನು ಅವರೇ ನಿಜವೆಂದು ನಂಬಿಬಿಡುವುದೂ ಅಷ್ಟೇ ದೊಡ್ಡ ಕಾರಣ. ಆ ಅಪವಾದಕ್ಕೆ ವಿಜ್ಞಾನದ ಬೆಂಬಲ ಇಲ್ಲವೆಂಬುದನ್ನೂ ಈ ಅಧ್ಯಾಯದಲ್ಲಿ ನೋಡೋಣ.

ಹೊರಗಿನ ಮಾತು ಒಳಗೆ ಸೇರುವ ಬಗೆ

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಕಳಂಕದ ಬಗ್ಗೆಯೇ ಒಂದು ಪುಸ್ತಕ ಬರೆದರು. ಇಡೀ ಮನುಷ್ಯನನ್ನು ಒಂದೇ ಒಂದು ಗುರುತಿಗೆ ಇಳಿಸಿ, ಆ ಗುರುತಿನಿಂದಲೇ ಅವನ ಬೆಲೆ ಕಟ್ಟುವ ಸಾಮಾಜಿಕ ಪ್ರಕ್ರಿಯೆಯನ್ನು ಅವರು ಅದರಲ್ಲಿ ಬಿಡಿಸಿಟ್ಟರು. ಮುಂದೆ ಮಾನಸಿಕ ಕಾಯಿಲೆಯ ಕಳಂಕವನ್ನು ಅಧ್ಯಯನ ಮಾಡಿದ ಪ್ಯಾಟ್ರಿಕ್ ಕಾರಿಗನ್, ಇದು ಒಳಗಿಳಿಯುವ ಹಾದಿಯಲ್ಲಿ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದರು. ಮೊದಲನೆಯದು, ಜನ ಹೀಗೆ ಅಂದುಕೊಳ್ಳುತ್ತಾರೆ ಎಂದು ತಿಳಿಯುವುದು. ಎರಡನೆಯದು, ಅವರು ಅಂದುಕೊಳ್ಳುವುದು ಸರಿಯೇ ಎಂದು ಒಪ್ಪುವುದು. ಮೂರನೆಯದು, ಅದನ್ನು ತನಗೆ ಅನ್ವಯಿಸಿಕೊಳ್ಳುವುದು. ನಾಲ್ಕನೆಯದು, ಅದರಿಂದ ಆತ್ಮಗೌರವ ಕುಸಿಯುವುದು. ತೂಕದ ವಿಷಯಕ್ಕೂ ಈ ಮೆಟ್ಟಿಲುಗಳು ಸರಿಯಾಗಿ ಹೊಂದುತ್ತವೆ.

ಮೊದಲ ಮೆಟ್ಟಿಲನ್ನು ನಾವು ಬಾಲ್ಯದಲ್ಲೇ ಹತ್ತಿರುತ್ತೇವೆ. 1961ರಲ್ಲಿ ಅಮೆರಿಕದಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳ ಮುಂದೆ ಆರು ಚಿತ್ರಗಳನ್ನಿಟ್ಟು, ಯಾರು ಹೆಚ್ಚು ಇಷ್ಟವೋ ಆ ಕ್ರಮದಲ್ಲಿ ಜೋಡಿಸಲು ಹೇಳಲಾಯಿತು. ಒಂದು ಚಿತ್ರದ ಮಗುವಿಗೆ ಯಾವ ಊನವೂ ಇರಲಿಲ್ಲ. ಒಂದು ಮಗು ಊರುಗೋಲು ಹಿಡಿದಿತ್ತು, ಒಂದು ಗಾಲಿಕುರ್ಚಿಯಲ್ಲಿತ್ತು, ಒಂದಕ್ಕೆ ಕೈ ಇರಲಿಲ್ಲ, ಒಂದರ ಮುಖದ ಮೇಲೆ ವಿಕಾರ ಗುರುತಿತ್ತು, ಕೊನೆಯದು ದಪ್ಪ ಮಗು. ಆಯ್ಕೆಯಲ್ಲಿ ಆ ದಪ್ಪ ಮಗುವೇ ತೀರಾ ಹಿಂದೆ ಬಿತ್ತು. ಜ್ಯಾನೆಟ್ ಲ್ಯಾಟ್ನರ್ ಮತ್ತು ಆಲ್ಬರ್ಟ್ ಸ್ಟಂಕರ್ಡ್ ನಾಲ್ಕು ದಶಕಗಳ ನಂತರ ಇದನ್ನೇ ಮತ್ತೆ ಮಾಡಿ 2003ರಲ್ಲಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಅಮೆರಿಕದ ಮಕ್ಕಳಲ್ಲಿ ಬೊಜ್ಜು ಎಷ್ಟೋ ಪಾಲು ಹೆಚ್ಚಿತ್ತು. ದಪ್ಪ ಮಗುವಿನ ಮೇಲಿನ ತಾತ್ಸಾರ ಮಾತ್ರ ಕಡಿಮೆಯಾಗುವ ಬದಲು ಇನ್ನಷ್ಟು ಬಲಿತಿತ್ತು.

ಈ ತಾತ್ಸಾರವನ್ನು ಹಗೆಗಳೇನೂ ಬಿತ್ತುವುದಿಲ್ಲ. ಆಸ್ಟ್ರೇಲಿಯಾ, ಕೆನಡಾ, ಫ್ರಾನ್ಸ್, ಜರ್ಮನಿ, ಬ್ರಿಟನ್, ಅಮೆರಿಕಗಳಲ್ಲಿ ತೂಕ ಇಳಿಸುವ ಒಂದು ಕಾರ್ಯಕ್ರಮಕ್ಕೆ ಸೇರಿದ್ದ ಸುಮಾರು 14,000 ಮಂದಿಯನ್ನು ರೆಬೆಕಾ ಪುಲ್ ಮತ್ತು ಸಂಗಡಿಗರು ಪ್ರಶ್ನಿಸಿದರು. 2021ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ತೂಕದ ಕಾರಣಕ್ಕೆ ಅವಮಾನ ಅನುಭವಿಸಿದ್ದಾಗಿ ಆರೂ ದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದ್ದರು. ಯಾರಿಂದ ಎಂದು ಕೇಳಿದಾಗ ಮೊದಲು ಬಂದ ಉತ್ತರ ಮನೆಯವರಿಂದ ಎಂದು. ಸಹಪಾಠಿಗಳು ಮತ್ತು ವೈದ್ಯರ ಹೆಸರು ನಂತರ ಬಂದವು.

ಕನ್ನಡದ ಮನೆಗಳನ್ನು ಬಲ್ಲವರಿಗೆ ಇದು ಹೊಸ ಸುದ್ದಿಯಲ್ಲ. ‘ಯಾವ ಅಂಗಡಿ ಅಕ್ಕಿ ತಿಂತೀಯೇ?’ ಎಂದು ಕೇಳುವುದು ಸೋದರಮಾವನೇ, ‘ಡುಮ್ಮಿ’ ಎಂದು ಮುದ್ದಿನಿಂದ ಕರೆಯುವುದು ಅಕ್ಕನೇ. ಮದುವೆಮನೆಯ ಪಂಕ್ತಿಯಲ್ಲಿ ಒತ್ತಾಯ ಮಾಡಿ ಹೋಳಿಗೆ ಬಡಿಸಿದ ದೊಡ್ಡಮ್ಮ, ಕೈ ತೊಳೆಯುವ ಹೊತ್ತಿಗೆ ಹತ್ತಿರ ಬಂದು ‘ಇನ್ನು ಸ್ವಲ್ಪ ಬಾಯಿ ಕಟ್ಟು ಪುಟ್ಟಾ, ವರ ಹುಡುಕೋ ಕಾಲ’ ಎನ್ನುತ್ತಾರೆ. ಅವರ ಅಕ್ಕರೆಯಲ್ಲಿ ಸುಳ್ಳಿಲ್ಲ, ಎರಡನೆಯ ಮೆಟ್ಟಿಲು ಸಲೀಸಾಗಿ ಹತ್ತಿಸುವುದೂ ಆ ಅಕ್ಕರೆಯೇ. ಬೀದಿಯಲ್ಲಿ ಯಾರೋ ಅಂದರೆ ಎದುರು ಆಡಬಹುದು. ನಮ್ಮ ಒಳಿತನ್ನೇ ಬಯಸುವವರು ಹೇಳಿದ ಮೇಲೆ ಅದು ಸರಿಯೇ ಇರಬೇಕು ಅನ್ನಿಸುತ್ತದೆ.

ಒಪ್ಪಿಗೆಗೆ ಇನ್ನೂ ಒಂದು ಕಾರಣವಿದೆ. ಚರ್ಮದ ಬಣ್ಣವನ್ನು ಯಾರೂ ಆರಿಸಿಕೊಂಡಿಲ್ಲ ಎಂದು ಎಲ್ಲರಿಗೂ ಗೊತ್ತು. ಮೈತೂಕ ಮಾತ್ರ ಅವರವರ ಕೈಯಲ್ಲೇ ಇದೆ, ಮನಸ್ಸು ಮಾಡಿದರೆ ಇಳಿಸಬಹುದು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದಕ್ಕೇ ದಪ್ಪಗಿರುವವರು ತಮ್ಮಂತೆಯೇ ಇರುವವರ ಪರವಾಗಿಯೂ ನಿಲ್ಲುವುದಿಲ್ಲ. ತಾವಿರುವುದು ಆ ಗುಂಪಿನಲ್ಲಲ್ಲ, ಬರುವ ಯುಗಾದಿಯ ಹೊತ್ತಿಗೆ ಅಲ್ಲಿಂದ ಹೊರಬೀಳುತ್ತೇವೆ ಎಂದೇ ಅವರ ಲೆಕ್ಕ. ಟೆಸ್ಸಾ ಚಾರ್ಲ್ಸ್‌ವರ್ತ್ ಮತ್ತು ಮಹಜರೀನ್ ಬನಾಜಿ 2007ರಿಂದ 2016ರವರೆಗಿನ ಲಕ್ಷಾಂತರ ಆನ್‌ಲೈನ್ ಪರೀಕ್ಷೆಗಳನ್ನು ವಿಶ್ಲೇಷಿಸಿದರು. ಆ ಅವಧಿಯಲ್ಲಿ ಅಮೆರಿಕನ್ನರಲ್ಲಿ ಜನಾಂಗ ಮತ್ತು ಲೈಂಗಿಕತೆಯ ಬಗೆಗಿನ ಸುಪ್ತ ಪೂರ್ವಗ್ರಹ ಇಳಿದಿತ್ತು. ಮೈತೂಕದ ಬಗೆಗಿನದು ಮಾತ್ರ ಏರಿತ್ತು.

ಅಳತೆಗೆ ಸಿಕ್ಕ ನೋವು

2008ರಲ್ಲಿ ಲಾರಾ ಡರ್ಸೊ ಮತ್ತು ಜ್ಯಾನೆಟ್ ಲ್ಯಾಟ್ನರ್ ಈ ಒಳಗಿಳಿದ ಕಳಂಕಕ್ಕೆ ಒಂದು ಅಳತೆಗೋಲು ರೂಪಿಸಿದರು. ಅದರಲ್ಲಿರುವುದು ಹನ್ನೊಂದು ಹೇಳಿಕೆಗಳು. ಪ್ರತಿಯೊಂದನ್ನೂ ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಒಂದರಿಂದ ಏಳರವರೆಗೆ ಅಂಕ ಕೊಡಬೇಕು. ಬೇರೆಯವರು ಏನೆಂದರು ಎಂದು ಈ ಪಟ್ಟಿ ಕೇಳುವುದಿಲ್ಲ. ಮನುಷ್ಯನಾಗಿ ನಿಮ್ಮ ಬೆಲೆ ತೂಕವನ್ನು ಅವಲಂಬಿಸಿದೆಯೇ, ದಪ್ಪಗಿರುವುದಕ್ಕೆ ನಿಮ್ಮ ಮೇಲೆ ನಿಮಗೇ ಅಸಹ್ಯವೇ, ಒಳ್ಳೆಯ ಬದುಕಿಗೆ ನೀವು ಅರ್ಹರಲ್ಲ ಅನ್ನಿಸುತ್ತದೆಯೇ ಎಂಬ ಧಾಟಿಯಲ್ಲಿ ಅದು ಒಳಗಿನ ತೀರ್ಪನ್ನು ತಡವುತ್ತದೆ. 2010ರಲ್ಲಿ ಜೇಸನ್ ಲಿಲ್ಲಿಸ್ ಮತ್ತು ಸಂಗಡಿಗರು ಹನ್ನೆರಡು ಹೇಳಿಕೆಗಳ ಇನ್ನೊಂದು ಪಟ್ಟಿ ತಂದರು. ಅದು ತನ್ನನ್ನು ತಾನೇ ಹೀಗಳೆಯುವುದನ್ನೂ, ಜನ ಅವಮಾನಿಸುತ್ತಾರೆಂಬ ಭಯವನ್ನೂ ಬೇರೆಬೇರೆಯಾಗಿ ಅಳೆಯುತ್ತದೆ.

ಅಳತೆಗೋಲು ಕೈಗೆ ಬಂದ ಮೇಲೆ ಒಂದು ಸಂಗತಿ ಸ್ಪಷ್ಟವಾಯಿತು. ತಕ್ಕಡಿಯ ಅಂಕಿಗೂ ಈ ಪಟ್ಟಿಯ ಅಂಕಕ್ಕೂ ಬಿಗಿಯಾದ ಸಂಬಂಧವಿಲ್ಲ. 120 ಕಿಲೋ ತೂಗುವ ಒಬ್ಬರು ತಮ್ಮ ಬಗ್ಗೆ ಗೌರವವಿಟ್ಟುಕೊಂಡೇ ಬದುಕಬಹುದು, 75 ಕಿಲೋದ ಇನ್ನೊಬ್ಬರು ದಿನವಿಡೀ ತಮ್ಮನ್ನು ಶಪಿಸಿಕೊಳ್ಳುತ್ತಿರಬಹುದು. ಅಮೆರಿಕದ ಸಾಮಾನ್ಯ ಜನರಲ್ಲಿ ಸುಮಾರು ಐವರಲ್ಲೊಬ್ಬರು ಈ ಕಳಂಕವನ್ನು ತೀವ್ರವಾಗಿ ಒಳಗಿಳಿಸಿಕೊಂಡಿದ್ದಾರೆ ಎಂದು 2018ರ ಒಂದು ಅಧ್ಯಯನ ಅಂದಾಜಿಸಿತು. ಹೆಂಗಸರಲ್ಲಿ ಮತ್ತು ತೂಕ ಇಳಿಸಲು ಪ್ರಯತ್ನ ಪಡುತ್ತಿರುವವರಲ್ಲಿ ಇದು ಹೆಚ್ಚು.

ಅದೇ ವರ್ಷ ರೆಬೆಕಾ ಪರ್ಲ್ ಮತ್ತು ರೆಬೆಕಾ ಪುಲ್ ಈ ವಿಷಯದ 74 ಅಧ್ಯಯನಗಳನ್ನು ಒಟ್ಟಿಗೆ ಹರಡಿ ನೋಡಿದರು. ಒಳಗಿಳಿದ ಕಳಂಕ ಹೆಚ್ಚಿದ್ದ ಕಡೆ ಖಿನ್ನತೆ ಹೆಚ್ಚು, ಆತಂಕ ಹೆಚ್ಚು, ತನ್ನ ದೇಹದ ಬಗ್ಗೆ ಬೇಸರ ಹೆಚ್ಚು, ಆತ್ಮಗೌರವ ಕಡಿಮೆ. ತಡೆಯಲಾರದೆ ಒಂದೇ ಸಮನೆ ತಿನ್ನುವ ಪ್ರಸಂಗಗಳೂ ಹೆಚ್ಚು. ತೂಕದ ವ್ಯತ್ಯಾಸವನ್ನು ಲೆಕ್ಕದಿಂದ ತೆಗೆದು ನೋಡಿದಾಗಲೂ ಎಷ್ಟೋ ಅಧ್ಯಯನಗಳಲ್ಲಿ ಈ ನಂಟು ಉಳಿದುಕೊಂಡಿತ್ತು. ಹಾಗಾದರೆ ಬೊಜ್ಜಿರುವವರು ಮಂಕಾಗಿರುವುದಕ್ಕೆ ಬೊಜ್ಜೇ ಕಾರಣ ಎಂದು ಕೈತೊಳೆದುಕೊಳ್ಳಲಾಗದು. ಅದೇ ತೂಕದ ಇಬ್ಬರಲ್ಲಿ ಒಬ್ಬರು ಕುಗ್ಗಿ ಇನ್ನೊಬ್ಬರು ಕುಗ್ಗದೆ ಉಳಿಯುವುದರಲ್ಲಿ ಅವರವರು ತಮ್ಮ ಬಗ್ಗೆ ಒಪ್ಪಿಕೊಂಡ ತೀರ್ಪಿನ ಪಾಲು ದೊಡ್ಡದು.

ನಾಚಿಕೆ ರಕ್ತಕ್ಕಿಳಿದಾಗ

ಮನಸ್ಸಿಗೆ ನೋವಾದರೂ ಅದರ ಬಿಸಿಗೆ ಮೈ ಇಳಿಯುವುದಾದರೆ ಒಳ್ಳೆಯದೇ ಅಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ನಾಲ್ಕು ಮಾತು ಚುಚ್ಚಿದರೆ ಛಲ ಹುಟ್ಟೀತು ಎಂಬ ಈ ಆಸೆಯನ್ನು ಪ್ರಯೋಗಾಲಯದಲ್ಲೇ ಪರೀಕ್ಷಿಸಲಾಗಿದೆ.

ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡೋಣ. 110 ವಿದ್ಯಾರ್ಥಿನಿಯರಿಗೆ ದುಬಾರಿ ಬ್ರ್ಯಾಂಡಿನ ಉಡುಪುಗಳನ್ನು ತೋರಿಸಿ, ಇವುಗಳನ್ನು ಆರಿಸುವ ಗುಂಪು ಚಟುವಟಿಕೆಯಲ್ಲಿ ಭಾಗವಹಿಸಬಹುದು ಎಂದು ಆಸೆ ಹುಟ್ಟಿಸಲಾಯಿತು. ಆಮೇಲೆ ಅರ್ಧದಷ್ಟು ಮಂದಿಗೆ ಗುಂಪು ಭರ್ತಿಯಾಗಿದೆ ಎಂದು ಹೇಳಿದರು. ಉಳಿದವರಿಗೆ ನಿಮ್ಮ ಮೈಯ ಅಳತೆ ಮತ್ತು ಆಕಾರ ಈ ಉಡುಪಿಗೆ ಹೊಂದುವುದಿಲ್ಲ ಎಂದರು. ಎಲ್ಲರ ಜೊಲ್ಲನ್ನು ಸಂಗ್ರಹಿಸಿ ಅದರಲ್ಲಿದ್ದ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ತಮ್ಮನ್ನು ತಾವು ದಪ್ಪ ಎಂದುಕೊಂಡಿದ್ದ ಹುಡುಗಿಯರಲ್ಲಿ, ಅವಮಾನದ ಮಾತು ಕೇಳಿದ ಮೇಲೆ ಕಾರ್ಟಿಸೋಲ್ ಏರಿದ ಮಟ್ಟದಲ್ಲೇ ನಿಂತಿತ್ತು.

ಈ ತಂಡದ ಜ್ಯಾನೆಟ್ ಟೊಮಿಯಾಮಾ 2014ರಲ್ಲೇ ಒಂದು ವಿಷಚಕ್ರದ ನಕ್ಷೆ ಕೊಟ್ಟಿದ್ದರು. ಅವಮಾನ ಒತ್ತಡವಾಗುತ್ತದೆ. ಒತ್ತಡ ಕಾರ್ಟಿಸೋಲನ್ನು ಏರಿಸುತ್ತದೆ. ಕಾರ್ಟಿಸೋಲ್ ಹಸಿವನ್ನು ಕೆರಳಿಸುತ್ತದೆ, ಸಿಹಿ ಮತ್ತು ಎಣ್ಣೆ ಪದಾರ್ಥಗಳ ಕಡೆ ಮನಸ್ಸನ್ನು ಎಳೆಯುತ್ತದೆ, ಕೊಬ್ಬು ಹೊಟ್ಟೆಯ ಭಾಗದಲ್ಲಿ ಶೇಖರವಾಗಲು ನೆರವಾಗುತ್ತದೆ. ತೂಕ ಏರುತ್ತದೆ, ಅದರಿಂದ ಇನ್ನಷ್ಟು ಅವಮಾನ. ಅದೇ ವರ್ಷ ಬ್ರೆಂಡಾ ಮೇಜರ್ ತಂಡ ಸಾಂತಾ ಬಾರ್ಬರಾದಲ್ಲಿ ಕೆಲವು ಯುವತಿಯರಿಗೆ ದಪ್ಪಗಿದ್ದರೆ ಕೆಲಸ ಹೋದೀತು ಎಂಬಂಥ ಪತ್ರಿಕಾ ಬರಹ ಓದಲು ಕೊಟ್ಟಿತು. ಇನ್ನು ಕೆಲವರಿಗೆ ಸಿಗರೇಟು ಸೇದುವವರ ಬಗ್ಗೆ ಅಂಥದೇ ಬರಹ ಕೊಟ್ಟಿತು. ನಂತರದ ಬಿಡುವಿನಲ್ಲಿ ಮುಂದೆ ತಿನಿಸು ಇಟ್ಟರು. ತಮ್ಮನ್ನು ದಪ್ಪ ಎಂದುಕೊಂಡಿದ್ದವರು ತೂಕದ ಬರಹ ಓದಿದ ಮೇಲೆ ಹೆಚ್ಚು ತಿಂದರು. ತಿನ್ನುವುದನ್ನು ಹತೋಟಿಯಲ್ಲಿಡುವ ಶಕ್ತಿ ತಮಗೆ ಕಡಿಮೆ ಎಂದೂ ಹೇಳಿದರು. ಬುದ್ಧಿ ಹೇಳಿದ ಬರಹ ಅವರ ಹಿಡಿತವನ್ನೇ ಸಡಿಲಿಸಿತ್ತು.

ಪ್ರಯೋಗಾಲಯದ ಒಂದು ಮಧ್ಯಾಹ್ನದ ಮಾತು ಬದುಕಿನ ವರ್ಷಗಳಿಗೆ ಹೊಂದುತ್ತದೆಯೇ? ಇಂಗ್ಲೆಂಡಿನಲ್ಲಿ 50 ದಾಟಿದ 2,944 ಮಂದಿಯನ್ನು ನಾಲ್ಕು ವರ್ಷ ಗಮನಿಸಿದ ಸಾರಾ ಜಾಕ್ಸನ್ ತಂಡ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ಸರಾಸರಿ 0.95 ಕಿಲೋ ಏರಿದ್ದನ್ನೂ, ಅನುಭವಿಸದವರು 0.71 ಕಿಲೋ ಇಳಿದಿದ್ದನ್ನೂ ದಾಖಲಿಸಿತು. ಅಮೆರಿಕದಲ್ಲಿ ಆಂಜೆಲಿನಾ ಸುಟಿನ್ ಮತ್ತು ಆಂಟೋನಿಯೊ ಟೆರಾಚಿಯಾನೊ 6,157 ಮಂದಿಯ ದಾಖಲೆ ನೋಡಿದರು. ಮೊದಲು ಬೊಜ್ಜಿಲ್ಲದಿದ್ದವರ ಪೈಕಿ ತೂಕದ ತಾರತಮ್ಯಕ್ಕೆ ಒಳಗಾದವರು ನಾಲ್ಕು ವರ್ಷಗಳಲ್ಲಿ ಬೊಜ್ಜಿನ ವರ್ಗಕ್ಕೆ ಸೇರುವ ಸಂಭವ ಉಳಿದವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು.

ಇವು ಹೊರಗಿನಿಂದ ಬಂದ ಅವಮಾನದ ಲೆಕ್ಕಗಳು. ಒಳಗಿಳಿದ ಕಳಂಕವನ್ನೇ ಹಿಡಿದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಪರ್ಲ್ ತಂಡ 2017ರಲ್ಲಿ ಬೊಜ್ಜಿಗೆ ಚಿಕಿತ್ಸೆ ಕೋರಿ ಬಂದ 159 ಮಂದಿಯನ್ನು ಪರೀಕ್ಷಿಸಿತು. ಸೊಂಟದ ಸುತ್ತಳತೆ, ಬಿಪಿ, ಸಕ್ಕರೆ, ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟರಾಲ್ ಈ ಐದರಲ್ಲಿ ಮೂರು ಕೆಟ್ಟಿದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಹೃದಯಾಘಾತಕ್ಕೂ ಮಧುಮೇಹಕ್ಕೂ ಅದು ಮುನ್ಸೂಚನೆ. ಒಳಗಿಳಿದ ಕಳಂಕ ತೀರಾ ಹೆಚ್ಚಿದ್ದವರಲ್ಲಿ ಈ ಸಿಂಡ್ರೋಮ್ ಇರುವ ಸಂಭವ, ತೀರಾ ಕಡಿಮೆ ಇದ್ದವರಿಗೆ ಹೋಲಿಸಿದರೆ ಸುಮಾರು ಮೂರು ಪಟ್ಟು. ಒಂದೇ ಸಲ ತೆಗೆದ ಅಳತೆಯಾದ್ದರಿಂದ ಕಳಂಕವೇ ಕಾಯಿಲೆ ತಂದಿತು ಎಂದು ಇದೊಂದರಿಂದಲೇ ತೀರ್ಮಾನಿಸಲಾಗದು. ಕಾರ್ಟಿಸೋಲ್ ಮತ್ತು ತಿನಿಸಿನ ಪ್ರಯೋಗಗಳ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಇದರ ತೂಕ ಹೆಚ್ಚುತ್ತದೆ.

ಆಸ್ಪತ್ರೆಯ ಬಾಗಿಲಲ್ಲಿ

ತನ್ನನ್ನು ತಾನು ಹಳಿದುಕೊಳ್ಳುವವರು ಕನ್ನಡಿಯಿಂದ ದೂರವಾಗುವಂತೆ ಆಸ್ಪತ್ರೆಯಿಂದಲೂ ದೂರವಾಗುತ್ತಾರೆ. ಮಂಡಿನೋವೆಂದು ಹೋದರೂ ಗಂಟಲುನೋವೆಂದು ಹೋದರೂ ಮೊದಲು ತೂಕದ ಮಾತು ಬರುತ್ತದೆಂದು ಅವರಿಗೆ ಗೊತ್ತು. ಹಾಗಾಗಿ ಐದು ಕಿಲೋ ಇಳಿಸಿ ಹೋಗೋಣ ಎಂದು ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ. ಆ ಐದು ಕಿಲೋ ಇಳಿಯುವುದಿಲ್ಲ, ಮಧುಮೇಹವೋ ಗಡ್ಡೆಯೋ ಪತ್ತೆಯಾಗದೆ ಬೆಳೆಯುತ್ತದೆ.

ಹೋದವರಿಗೆ ಏನಾಗುತ್ತದೆ ಎಂಬುದಕ್ಕೆ ಬಿಪಿ ನೋಡುವ ಪಟ್ಟಿಯೇ ಸಾಕ್ಷಿ. ರೋಗಿಯ ತೋಳು ದಪ್ಪಗಿದ್ದು ಪಟ್ಟಿ ಚಿಕ್ಕದಾದರೆ ಯಂತ್ರ ಇಲ್ಲದ ಬಿಪಿಯನ್ನು ತೋರಿಸುತ್ತದೆ. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 19.5 ಹೆಚ್ಚು ಬಂತು. ಅಂದರೆ 125 ಇರುವವರಿಗೆ 144 ಎಂದು ಹೇಳಿ ಮಾತ್ರೆ ಬರೆದುಕೊಡುವ ಸಾಧ್ಯತೆ ಇದೆ. ಪಟ್ಟಿ ಸಾಲದೆ ದಾದಿ ಮತ್ತೆ ಮತ್ತೆ ಬಿಗಿಯುವಾಗ, ಅದು ಪಟಕ್ಕನೆ ಬಿಟ್ಟುಕೊಂಡಾಗ ಕ್ಷಮಿಸಿ ಎಂದು ಹೇಳುವವರು ಸಾಮಾನ್ಯವಾಗಿ ರೋಗಿಯೇ. ತಪ್ಪಿರುವುದು ದೊಡ್ಡ ಪಟ್ಟಿಯನ್ನು ತರಿಸಿಡದ ವ್ಯವಸ್ಥೆಯಲ್ಲಿ. ಒಳಗಿಳಿದ ಕಳಂಕ ಅದನ್ನು ತೋಳಿನ ತಪ್ಪೆಂದು ಓದಿಸುತ್ತದೆ.

ವ್ಯಾಯಾಮದ ವಿಷಯವೂ ಹೀಗೇ. ತೂಕದ ಬಗ್ಗೆ ಸಮಾಜದ ಧೋರಣೆಯನ್ನು ತಮ್ಮದನ್ನಾಗಿ ಮಾಡಿಕೊಂಡವರು ಅವಮಾನದ ಅನುಭವವಾದ ಮೇಲೆ ವ್ಯಾಯಾಮವನ್ನೇ ತಪ್ಪಿಸುತ್ತಾರೆ ಎಂದು ಲೆನ್ನಿ ವಾರ್ಟೇನಿಯನ್ ಅವರ ಅಧ್ಯಯನಗಳು ತೋರಿಸಿವೆ. ಪಾರ್ಕಿನಲ್ಲಿ ಬೆಳಗಿನ ಜನ ಕರಗುವವರೆಗೆ ಕಾದು, ಬಿಸಿಲೇರಿತೆಂದು ಮನೆಗೆ ಮರಳುವವರಲ್ಲಿ ನಾವು ಸೋಮಾರಿತನ ಎಂದು ಕರೆಯುವುದರ ಹಿಂದೆ ಎಷ್ಟೋ ಸಲ ಈ ಸಂಕೋಚವಿರುತ್ತದೆ. ಕಾರಿಗನ್ ಇದಕ್ಕೆ ‘ಯಾಕಾದರೂ ಪ್ರಯತ್ನಿಸಲಿ’ ಎಂಬ ಪರಿಣಾಮವೆಂದು ಹೆಸರಿಟ್ಟರು. ತಾನು ಅನರ್ಹ ಎಂದು ನಂಬಿದ ಮನಸ್ಸು ಕಾಲೆತ್ತಿಡುವ ಮೊದಲೇ ಸೋಲೊಪ್ಪುತ್ತದೆ.

ಅಪವಾದಕ್ಕೆ ಬುಡವಿದೆಯೇ?

ಇಷ್ಟೆಲ್ಲ ನೋವಿಗೆ ಆಧಾರವಾಗಿರುವ ಆರೋಪ ಒಂದೇ: ದಪ್ಪಗಿರುವವರಿಗೆ ಮನೋಬಲವಿಲ್ಲ. ಇದನ್ನು ವಿಜ್ಞಾನದ ಎದುರು ನಿಲ್ಲಿಸೋಣ.

ಕೆನಡಾದಲ್ಲಿ ಕ್ಲಾಡ್ ಬುಶಾರ್ ತಂಡ 12 ಜೋಡಿ ತದ್ರೂಪಿ ಅವಳಿ ಯುವಕರನ್ನು ನೂರು ದಿನ ಕಣ್ಗಾವಲಿನಲ್ಲಿಟ್ಟು, ಅದರಲ್ಲಿ 84 ದಿನ ಪ್ರತಿಯೊಬ್ಬರಿಗೂ ಅಗತ್ಯಕ್ಕಿಂತ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು ಉಣಿಸಿತು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸರಾಸರಿ ಏರಿಕೆ 8.1 ಕಿಲೋ. ಆದರೆ ಒಬ್ಬ ಏರಿದ್ದು 4.3 ಕಿಲೋ, ಇನ್ನೊಬ್ಬ 13.3 ಕಿಲೋ. ಉಂಡ ಹೆಚ್ಚುವರಿ ಅನ್ನ ಎಲ್ಲರದೂ ಅಷ್ಟೇ, ಆಸೆಬುರುಕತನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಒಂದೇ ಜೋಡಿಯ ಅಣ್ಣತಮ್ಮಂದಿರು ಮಾತ್ರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿದ್ದರು. ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಮಂದಿಯನ್ನು ಸ್ಟಂಕರ್ಡ್ 1986ರಲ್ಲಿ ಅಧ್ಯಯನ ಮಾಡಿದಾಗ, ಅವರ ಮೈಕಟ್ಟು ಹೆತ್ತವರಿಗೆ ಹೋಲುತ್ತಿತ್ತು, ಉಣಿಸಿ ಸಾಕಿದವರಿಗಲ್ಲ.

ಇಳಿಸಿದ ತೂಕವನ್ನು ಉಳಿಸಿಕೊಳ್ಳುವುದು ಯಾಕೆ ಅಷ್ಟು ಕಷ್ಟ ಎಂಬುದನ್ನು ಕೆವಿನ್ ಹಾಲ್ 2016ರಲ್ಲಿ ತೋರಿಸಿದರು. ತೂಕ ಇಳಿಸುವ ಒಂದು ಟಿವಿ ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಕಳೆದುಕೊಂಡಿದ್ದ 14 ಮಂದಿಯನ್ನು ಅವರು ಆರು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದರು. ಸರಾಸರಿ 41 ಕಿಲೋ ಮರಳಿ ಬಂದಿತ್ತು. ಅಷ್ಟಾದರೂ ಅವರ ದೇಹ ವಿಶ್ರಾಂತಿಯಲ್ಲಿ ಸುಡುವ ಶಕ್ತಿ ಆ ತೂಕಕ್ಕೆ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿಯೇ ಉಳಿದಿತ್ತು. ಇಳಿದ ಕೊಬ್ಬನ್ನು ದೇಹ ನಷ್ಟವೆಂದೇ ಲೆಕ್ಕ ಹಿಡಿದು, ಖರ್ಚು ಕಡಿಮೆ ಮಾಡಿ, ಹಸಿವು ಹೆಚ್ಚಿಸಿ ಅದನ್ನು ತುಂಬಿಸಿಕೊಳ್ಳಲು ಹೊರಡುತ್ತದೆ.

ತೂಕದಿಂದ ಚಾರಿತ್ರ್ಯ ಅಳೆಯುವುದಿರಲಿ, ಆರೋಗ್ಯವನ್ನು ಅಳೆಯುವುದೂ ಸಲೀಸಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಾಕಿಸಿದರು. ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ ಇಬ್ಬರದೂ 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬಿನ ಪಾಲು ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯರಲ್ಲೂ ಮಧುಮೇಹ ಯಾಕೆ ಅಷ್ಟು ಹೆಚ್ಚು ಎಂಬುದಕ್ಕೆ ಇದೊಂದು ಸುಳಿವು. ಕಣ್ಣಳತೆಯಲ್ಲಿ ಯಾರನ್ನೋ ರೋಗಿಯೆಂದೂ ಇನ್ಯಾರನ್ನೋ ಆರೋಗ್ಯವಂತರೆಂದೂ ವಿಂಗಡಿಸುವ ನಮ್ಮ ಅಭ್ಯಾಸಕ್ಕೆ ಇದು ನೇರ ಉತ್ತರ.

ಬೊಜ್ಜಿನಿಂದ ತೊಂದರೆಯೇ ಇಲ್ಲ ಎಂದು ಇದರರ್ಥವಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ, ಮಂಡಿಸವೆತ, ನಿದ್ದೆಯಲ್ಲಿ ಉಸಿರುಗಟ್ಟುವಿಕೆ ಇವೆಲ್ಲ ನಿಜ, ಚಿಕಿತ್ಸೆಯೂ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಮೂವರು ವಯಸ್ಕರ ಬಿಎಂಐ 25 ದಾಟಿದೆ, ಹೆಂಗಸರಲ್ಲೂ ಗಂಡಸರಲ್ಲೂ. ಇಷ್ಟು ಮಂದಿಯ ಮನೋಬಲ ಒಮ್ಮೆಲೇ ಕುಸಿಯಲು ಸಾಧ್ಯವಿಲ್ಲ. ಬದಲಾಗಿದ್ದು ನಮ್ಮ ಅಡುಗೆಮನೆ, ಕೆಲಸ, ರಸ್ತೆ, ನಿದ್ದೆ. ಅದರ ಪೆಟ್ಟು ಯಾರ ಮೈಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು ಬಹುಮಟ್ಟಿಗೆ ವಂಶವಾಹಿಗಳು ನಿರ್ಧರಿಸುತ್ತವೆ. ಹೊಟ್ಟೆ ತುಂಬಿತೆಂದು ತಿಳಿಸುವ ಹಾರ್ಮೋನನ್ನು ಅನುಕರಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನಿಂದ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ತೂಕ ಇಳಿದದ್ದು 2021ರಲ್ಲಿ ವರದಿಯಾಯಿತು. ಆ ಮದ್ದು ಯಾರ ಚಾರಿತ್ರ್ಯವನ್ನೂ ತಿದ್ದಲಿಲ್ಲ, ಹಸಿವಿನ ಸಂಕೇತವನ್ನಷ್ಟೇ ತಿದ್ದಿತು. ಇಂಥ ಔಷಧಗಳು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿವೆ. ಅವನ್ನು ತೆಗೆದುಕೊಳ್ಳುವವರು ಅಡ್ಡದಾರಿ ಹಿಡಿದರೆಂಬ ಮೂದಲಿಕೆಯೂ ಜೊತೆಯಲ್ಲೇ ಬಂದಿದೆ. ಬಿಪಿ ಮಾತ್ರೆ ನುಂಗುವವರನ್ನು ಯಾರೂ ಹಾಗೆನ್ನುವುದಿಲ್ಲ.

ಇಳಿಸಬಹುದಾದ ಹೊರೆ

ಒಳಗಿಳಿದದ್ದನ್ನು ಹೊರಹಾಕುವ ಪ್ರಯತ್ನಗಳು ಶುರುವಾಗಿವೆ. ಜೇಸನ್ ಲಿಲ್ಲಿಸ್ ಮತ್ತು ಸಂಗಡಿಗರು ತೂಕ ಇಳಿಸುವ ಕಾರ್ಯಕ್ರಮ ಮುಗಿಸಿದ್ದ 84 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಒಂದು ದಿನದ ಕಾರ್ಯಾಗಾರ ನಡೆಸಿದರು. ಅಲ್ಲಿ ಪಥ್ಯದ ಪಾಠ ಇರಲಿಲ್ಲ. ತನ್ನ ಬಗ್ಗೆ ಏಳುವ ಕಹಿ ಯೋಚನೆಯನ್ನು ಯೋಚನೆಯೆಂದಷ್ಟೇ ಗುರುತಿಸುವುದು, ಅದು ಇರುವಾಗಲೇ ತನಗೆ ಮುಖ್ಯವಾದದ್ದರ ಕಡೆ ಹೆಜ್ಜೆ ಇಡುವುದು, ಇಷ್ಟನ್ನೇ ಅಭ್ಯಾಸ ಮಾಡಿಸಿದರು. ಮೂರು ತಿಂಗಳ ನಂತರ ಕಾರ್ಯಾಗಾರಕ್ಕೆ ಬಂದವರಲ್ಲಿ ಕಳಂಕದ ಭಾವವೂ ಸಂಕಟವೂ ಇಳಿದಿದ್ದವು, ಜೀವನದ ಗುಣಮಟ್ಟ ಸುಧಾರಿಸಿತ್ತು. ತೂಕದ ಹತೋಟಿಯಲ್ಲೂ ಅವರೇ ಮುಂದಿದ್ದರು. ರೆಬೆಕಾ ಪರ್ಲ್ ತಂಡ ತೂಕದ ಬಗೆಗಿನ ಸುಳ್ಳು ನಂಬಿಕೆಗಳನ್ನು ಒಂದೊಂದಾಗಿ ಪ್ರಶ್ನಿಸಲು ಕಲಿಸುವ ಸರಣಿ ಭೇಟಿಗಳನ್ನು ರೂಪಿಸಿ, ತೂಕ ಇಳಿಸುವ ಚಿಕಿತ್ಸೆಯ ಜೊತೆ ಸೇರಿಸಿ ಪರೀಕ್ಷಿಸಿದೆ. ತನ್ನ ಮೇಲೆ ತನಗೆ ಕರುಣೆ ಬಂದರೆ ಶಿಸ್ತು ಹೋದೀತು ಎಂಬ ಭಯವನ್ನು ಈ ಕೆಲಸ ನಿಜ ಮಾಡಲಿಲ್ಲ.

2020ರಲ್ಲಿ ಫ್ರಾನ್ಸೆಸ್ಕೊ ರುಬಿನೊ ನೇತೃತ್ವದಲ್ಲಿ ಬೇರೆಬೇರೆ ದೇಶಗಳ 36 ತಜ್ಞರು ‘ನೇಚರ್ ಮೆಡಿಸಿನ್’ನಲ್ಲಿ ಒಮ್ಮತದ ಹೇಳಿಕೆ ಹೊರಡಿಸಿದರು. ತೂಕದ ಕಳಂಕ ಮನಸ್ಸನ್ನೂ ದೇಹವನ್ನೂ ಕೆಡಿಸುತ್ತದೆ, ಅದಕ್ಕೆ ಆಧಾರವಾದ ಮನೋಬಲದ ವಾದ ಇಂದಿನ ವಿಜ್ಞಾನಕ್ಕೆ ವಿರುದ್ಧ ಎಂಬುದು ಅದರ ಸಾರ. ಇದನ್ನು ಜಾರಿಗೆ ತರುವ ಕೆಲಸ ವೈದ್ಯರಿಂದ ಶುರುವಾಗಬೇಕು. ದೊಡ್ಡ ಬಿಪಿ ಪಟ್ಟಿ, ತೋಳಿಲ್ಲದ ಅಗಲ ಕುರ್ಚಿ ತರಿಸಿಡುವುದು, ಗಂಟಲುನೋವಿಗೆ ಬಂದವರ ಗಂಟಲನ್ನೇ ಮೊದಲು ನೋಡುವುದು, ತೂಕದ ಬಗ್ಗೆ ಮಾತಾಡಬಹುದೇ ಎಂದು ಕೇಳಿ ಮುಂದುವರಿಯುವುದು, ಇವುಗಳಿಗೆ ದೊಡ್ಡ ಖರ್ಚಿಲ್ಲ. ಮನೆಯವರು ಮಗುವಿನ ಮೈ ಬಗ್ಗೆ ಮಾತಾಡುವುದನ್ನು ಬಿಟ್ಟು, ಎಲ್ಲರ ತಟ್ಟೆಗೂ ಒಂದೇ ಬಗೆಯ ಸೊಪ್ಪು ಕಾಳು ಬಡಿಸಿ, ಎಲ್ಲರೂ ಒಟ್ಟಿಗೆ ಸಂಜೆ ಓಡಾಡಲು ಹೊರಟರೆ ಹೆಚ್ಚು ಉಪಕಾರವಾದೀತು.

ಈ ಹೊರೆಯನ್ನು ಹೊತ್ತೇ ಈ ಅಧ್ಯಾಯ ಓದುತ್ತಿರುವವರಿಗೆ ಹೇಳಬೇಕಾದ ಮಾತು ಒಂದಿದೆ. ತೂಕ ಇಳಿಸಲು ವೈದ್ಯರ ನೆರವು ಪಡೆಯಿರಿ, ಪಡೆಯುವುದರಲ್ಲಿ ನಾಚಿಕೆಯಿಲ್ಲ. ಅದರ ದಾರಿ ಉದ್ದ, ದೇಹ ತನ್ನ ಹಟ ತಾನು ಮಾಡುತ್ತದೆ. ಆದರೆ ತನ್ನನ್ನು ತಾನು ಅಪರಾಧಿ ಎಂದುಕೊಳ್ಳುವುದನ್ನು ಬಿಡಲು ಒಂದು ಕಿಲೋ ಕೂಡ ಇಳಿಯಬೇಕಾಗಿಲ್ಲ. ತೆಳ್ಳಗಾದ ಮೇಲೆ ಎಂದು ಮುಂದಕ್ಕೆ ಹಾಕಿದ ರಕ್ತಪರೀಕ್ಷೆ, ಈಜು, ಗೆಳತಿಯ ಮದುವೆ, ಅಳತೆಗೆ ಸರಿಯಾಗಿ ಹೊಲಿಸಿದ ಹೊಸ ರವಿಕೆ, ಇವೆಲ್ಲ ಇವತ್ತಿನ ತೂಕದಲ್ಲೇ ಶುರುವಾಗಲಿ. ಆರೋಗ್ಯದ ಕಡೆಗಿನ ಕೆಲಸ ಅಲ್ಲಿಂದಲೇ ಹಗುರಾಗುತ್ತದೆ ಎಂಬುದನ್ನು ಈಗ ಸಂಶೋಧನೆಯೂ ಹೇಳುತ್ತಿದೆ.